ಥೇಟ್ ಫೋಟೊದ ಹಾಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರನೆಯದೊಂದನ್ನು ಹೇಳುವುದು ಮರೆತುಬಿಟ್ಟರು. ಇರುವ ಮನೆಗೆ ಬಣ್ಣ ಹೊಡೆಸಿ ನೋಡು! ಕಳೆದ ಬೇಸಿಗೆಯಲ್ಲಿ ನಾನು ಅದನ್ನೂ ನೋಡಿದೆ. ಹಾಲಿನಲ್ಲಿದ್ದ ಸೋಫಾ ಅಡಿಗೆಮನೆಯ ಬಾಗಿಲಿಗೆ ಬಂತು, ಅಡಿಗೆಮನೆಯ ಡಬ್ಬಿಗಳು ಹಾಸಿಗೆಯ ಮೇಲೆ ಏರಿದವು, ಮನೆಯವರ ಕನ್ನಡಕ ಮೂರು ದಿನ ಉಪ್ಪಿನಕಾಯಿ ಜಾಡಿಯ ಹಿಂದೆ ಅಜ್ಞಾತವಾಸ ಮಾಡಿತು. ಎಲ್ಲಕ್ಕಿಂತ ಕೊನೆಗೆ ಗೋಡೆಯಿಂದ ಇಳಿಸಿದ್ದು ಅಮ್ಮನ ಚಿತ್ರವನ್ನು. ಅದರ ಹಿಂದೆ ಬೀಡುಬಿಟ್ಟಿದ್ದ ಹಲ್ಲಿ ನನ್ನನ್ನೊಮ್ಮೆ ಕೆಕ್ಕರಿಸಿ ನೋಡಿ, ಬೀರುವಿನ ಸಂದಿಗೆ ಹೋಯಿತು.

ಆ ಹೊತ್ತಿಗೆ ಸರಿಯಾಗಿ ಬೆಂಗಳೂರಿನಿಂದ ನನ್ನ ತಮ್ಮನ ಮಗ ಬಂದಿದ್ದ. ಕಂಪ್ಯೂಟರ್ ಎಂಜಿನಿಯರು. ಚಿತ್ರದ ಧೂಳು ಒರೆಸಿ ದೂರ ಹಿಡಿದು ನೋಡಿ, "ಅತ್ತೆ, ಇದು ಪೇಂಟಿಂಗಾ? ನಾನು ಇಷ್ಟು ದಿನ ಫೋಟೊ ಅಂದ್ಕೊಂಡಿದ್ದೆ" ಎಂದ. ನನಗೆ ಹೆಮ್ಮೆಯಾಯಿತು. ಮರುಕ್ಷಣವೇ ಅವನು, "ಆದ್ರೆ ಪೇಂಟಿಂಗ್ ಯಾಕೆ? ಅಜ್ಜಿದು ಒಳ್ಳೇ ಫೋಟೊ ಇದ್ರೆ ಕೊಡಿ, ದೊಡ್ಡದು ಮಾಡಿಸಿ ತಂದುಕೊಡ್ತೀನಿ. ಇದ್ದದ್ದು ಇದ್ದ ಹಾಗೆ ಬರೋದಕ್ಕೆ ಫೋಟೊನೇ ಇರುವಾಗ, ಅದನ್ನೇ ಕೈಯಲ್ಲಿ ಬರೆದು ಏನು ಪ್ರಯೋಜನ?" ಎಂದುಬಿಟ್ಟ. ಹುಡುಗನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು.

ಒಳ್ಳೆಯ ಫೋಟೊ ಇದ್ದಿದ್ದರೆ ಚಿತ್ರ ಯಾಕೆ ಬರೆಸುತ್ತಿದ್ದೆವು?

ಅಮ್ಮನದು ಅಂತ ಇದ್ದದ್ದು ಎರಡೇ ಫೋಟೊ. ಒಂದು 1961ರಲ್ಲಿ, ಅರಕಲಗೂಡಿನಲ್ಲಿ ನಮ್ಮ ಚಿಕ್ಕಪ್ಪನ ಮದುವೆಯಲ್ಲಿ ತೆಗೆದದ್ದು. ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿ, "ಯಾರೂ ಅಲ್ಲಾಡಬಾರದು" ಎಂದು ಗದರಿಸಿ ತೆಗೆದ ಗುಂಪು ಫೋಟೊ. ನಲವತ್ತಕ್ಕೂ ಹೆಚ್ಚು ಜನ. ಎರಡನೆಯ ಸಾಲಿನ ಕೊನೆಯಲ್ಲಿ ಅಮ್ಮ, ಅವಳ ಮುಂದೆ ಐದು ವರ್ಷದ ನಾನು. ಗದರಿಕೆಗೆ ಹೆದರಿಯೋ ಏನೋ ನಾನು ಅಳು ಶುರು ಮಾಡಿದೆನಂತೆ, ಅಮ್ಮ ಬಗ್ಗಿ ನೋಡಿದಳಂತೆ, ಅಷ್ಟರಲ್ಲಿ ಅವನು ಮುಚ್ಚಳ ತೆಗೆದು ಹಾಕಿಬಿಟ್ಟ. ಹಾಗಾಗಿ ಅವರೆಕಾಳಿನಷ್ಟಿದ್ದ ಅಮ್ಮನ ಮುಖ ನೀರಿನಲ್ಲಿ ಅಲ್ಲಾಡಿದ ನೆರಳಿನಂತೆ ಬಂದಿದೆ. ಇನ್ನೊಂದು 1971ರಲ್ಲಿ ಅಪ್ಪ ತೀರಿಕೊಂಡ ಮೇಲೆ ಪಿಂಚಣಿ ಕಾಗದಕ್ಕೆಂದು ತೆಗೆಸಿದ ಪಾಸ್‌ಪೋರ್ಟ್ ಸೈಜಿನದು. ಬೋಳು ಹಣೆ. ಸ್ಟುಡಿಯೋದ ದೀಪಕ್ಕೆ ಬೆಚ್ಚಿ ಬಿಟ್ಟ ಕಣ್ಣು. ಇದರಲ್ಲಿ ಒಂದು ಗೆರೆಯೂ ಅಲ್ಲಾಡಿಲ್ಲ, ಆದರೆ ಅದನ್ನು ನೋಡಿದಾಗಲೆಲ್ಲ ನನಗೆ ಅಮ್ಮ ನೆನಪಾಗುವುದಿಲ್ಲ, ಆ ವರ್ಷ ನೆನಪಾಗುತ್ತದೆ.

1989ರಲ್ಲಿ ಅಮ್ಮ ಹೋದಾಗ ವೈಕುಂಠ ಸಮಾರಾಧನೆಗೆ ಆ ಪಾಸ್‌ಪೋರ್ಟ್ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದೆವು. ಅಕ್ಕ ಅದರ ಎದುರು ಕೂರಲಿಲ್ಲ. ಒಳಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಲೇ ಇದ್ದಳು. ಅವತ್ತು ಎಲೆಗೆ ಬಡಿಸಿದ ಕೋಸಂಬರಿ ಎರಡು ದಿನಕ್ಕೆ ಸಾಕಾಗುವಷ್ಟಿತ್ತು.

ವರ್ಷಾಬ್ದಿಕ ಮುಗಿದ ಮೇಲೆ ತಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರನ್ನು ಕರೆದುಕೊಂಡು ಬಂದ. ಊರಿನ ನಾಟಕದ ಪರದೆ, ಟೂರಿಂಗ್ ಟಾಕೀಸಿನ ಬೋರ್ಡು, ಕಿರಾಣಿ ಅಂಗಡಿಯ ಲಕ್ಷ್ಮಿ, ಎಲ್ಲ ಅವರ ಕೈಯದೇ. ಆರುನೂರು ರೂಪಾಯಿಗೆ ಮಾತಾಯಿತು. ಬಂದವರು ಕಾಫಿ ಕುಡಿದು, ಎರಡೂ ಫೋಟೊಗಳನ್ನು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳತೊಡಗಿದರು ನೋಡಿ, ಡಾಕ್ಟರೂ ಅಷ್ಟು ಕೇಳುವುದಿಲ್ಲ! ಬೈತಲೆ ನಡುವಿಗಿತ್ತೋ ಓರೆಯೋ? ಓಲೆ ಕಿವಿಗೆ ಅಂಟಿ ಕೂರುತ್ತಿತ್ತೋ ಜೋತುಬೀಳುತ್ತಿತ್ತೋ? ನಗುವಾಗ ಹಲ್ಲು ಕಾಣಿಸುತ್ತಿತ್ತೋ? "ಗೋಧಿ ಬಣ್ಣ" ಎಂದು ನಾನು ಹೇಳಿದಾಗ "ಗೋಧಿ ಅಂದ್ರೆ ಯಾವ ಗೋಧಿ ತಾಯಿ? ಕೆಂಪೋ, ಬಿಳಿದೋ?" ಎಂದರು. ನಮ್ಮಿಬ್ಬರನ್ನೂ ಕಿಟಕಿಯ ಬೆಳಕಿಗೆ ಕೂರಿಸಿ, ಅಕ್ಕನಿಂದ ಗಲ್ಲವನ್ನೂ ನನ್ನಿಂದ ಹುಬ್ಬನ್ನೂ ಕಡ ತೆಗೆದುಕೊಂಡರು. ಅಮ್ಮನ ಎಡಗಣ್ಣು ಬಲಗಣ್ಣಿಗಿಂತ ಒಂದು ಎಳ್ಳಿನಷ್ಟು ಚಿಕ್ಕದು ಎಂಬುದು ನಮಗೆ ಮೂವರಿಗೂ ಗೊತ್ತಿತ್ತು. ಆದರೆ ಹಾಗೆಂದು ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಮೇಷ್ಟ್ರು ಕೇಳಿದ ಮೇಲೆ ಮೂವರೂ ಒಟ್ಟಿಗೇ ಹೇಳಿದೆವು.

ನಾಲ್ಕು ಮಧ್ಯಾಹ್ನ ಬಂದರು. ಆ ನಾಲ್ಕು ಮಧ್ಯಾಹ್ನ ನಾವು ಅಮ್ಮನ ಬಗ್ಗೆ ಆಡಿದಷ್ಟು ಮಾತು ಅವಳು ಬದುಕಿದ್ದಾಗ ಆಡಿರಲಿಲ್ಲ, ಸತ್ತಾಗಲೂ ಆಡಿರಲಿಲ್ಲ. ಮೂರನೆಯ ದಿನ ಮೇಷ್ಟ್ರು ಕುಂಚ ಕೆಳಗಿಟ್ಟು ಕೇಳಿದರು: "ಕುಂಕುಮ ಇಡ್ಲೋ ಬೇಡ್ವೋ?"

ಯಾರೂ ಮಾತಾಡಲಿಲ್ಲ. ತಮ್ಮ ಎದ್ದು ಹೊರಗೆ ಹೋದ. ನಾನು ಇಡಿ ಎಂದು ಹೇಳಬೇಕೆಂದುಕೊಂಡೆ, ಅಕ್ಕ ಮಡಿವಂತೆ, ಏನನ್ನುತ್ತಾಳೋ ಎಂದು ಸುಮ್ಮನಾದೆ. ಅಕ್ಕ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಆಮೇಲೆ, "ಐವತ್ತೆರಡರಲ್ಲಿ ಮದುವೆ. ಹತ್ತೊಂಬತ್ತು ವರ್ಷ ಇಟ್ಕೊಂಡಿದ್ಲು, ಹದಿನೆಂಟು ವರ್ಷ ಇಟ್ಕೊಳ್ಳಲಿಲ್ಲ. ಒಂದು ವರ್ಷ ಹೆಚ್ಚಿಗೆ ಇಟ್ಕೊಂಡಿದ್ದಾಳೆ. ಇಡಿ ಮೇಷ್ಟ್ರೆ" ಎಂದಳು.

ಕೊನೆಯ ದಿನ ಒಂದು ಮಾತು ನಾನು ಹೇಳಿದೆ. "ಕೈಗೆ ಎರಡೆರಡು ಚಿನ್ನದ ಬಳೆ ಬರೀರಿ." ಅಕ್ಕ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಮೇಷ್ಟ್ರು ಬರೆದರು. ಹೊರಡುವಾಗ, "ಫೋಟೊದೋನು ಹೋದ ಮೇಲೆ ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂದ್ರೆ ಏನೂ ಮಾಡೋಕಾಗಲ್ಲ. ನನ್ನ ಹತ್ರ ಹಾಗಲ್ಲ, ಯಾವಾಗ ಬೇಕಾದ್ರೂ ಹೇಳಿ ಕಳಿಸಿ, ಕೆರೆದು ಬರೀತೀನಿ" ಎಂದರು. ತಮ್ಮ ಬೆಂಗಳೂರು ಸೇರಿದ ಮೇಲೆ, ಅವನ ಫ್ಲ್ಯಾಟಿನ ಗೋಡೆಗೆ ಮೊಳೆ ಹೊಡೆಯಬಾರದಂತೆ, ಹಾಗಾಗಿ ಚಿತ್ರ ಹಾಸನಕ್ಕೆ, ನನ್ನ ಮನೆಗೆ ಬಂತು.

ಫೋಟೊ ಬಂದ ಮೇಲೆ ಚಿತ್ರದ ಕಥೆ ಮುಗಿಯಿತು ಎನ್ನುವ ಮಾತು ನನ್ನ ಸೋದರಳಿಯನದಲ್ಲ, ತುಂಬ ಹಳೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್ ಎಂಬುವನ ವಿದ್ಯೆ ಬಹಿರಂಗವಾದಾಗ, ಇವತ್ತಿಗೆ ಚಿತ್ರಕಲೆ ಸತ್ತಿತು ಎಂದು ಅಲ್ಲಿನ ಒಬ್ಬ ದೊಡ್ಡ ಚಿತ್ರಕಾರನೇ ಉದ್ಗರಿಸಿದನೆಂದು ಕಥೆ ಹೇಳುತ್ತಾರೆ. ಲಂಕೇಶರು 'ಪಾಪದ ಹೂಗಳು' ಎಂದು ಕನ್ನಡಕ್ಕೆ ತಂದರಲ್ಲ, ಆ ಬೋದಿಲೇರ್ ಕವಿ 1859ರಲ್ಲಿ, ಸೋತ ಚಿತ್ರಕಾರರೆಲ್ಲ ಹೋಗಿ ಸೇರಿಕೊಳ್ಳುವ ಜಾಗ ಇದು ಎಂದು ಸಿಡಿಮಿಡಿಗೊಂಡು ಬರೆದ. ಅವರ ಭಯ ಪೂರ್ತಿ ಸುಳ್ಳೂ ಆಗಲಿಲ್ಲ. ಅಂಗೈ ಅಗಲದ ಮುಖಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದ ಎಷ್ಟೋ ಜನ ಕೆಲಸ ಕಳೆದುಕೊಂಡರು. ಕೆಲವರು ತಾವೇ ಕ್ಯಾಮೆರಾ ಹಿಡಿದರು. ಇನ್ನು ಕೆಲವರು ಸ್ಟುಡಿಯೋಗಳಲ್ಲಿ ಕೂತು ಕಪ್ಪುಬಿಳುಪು ಫೋಟೊಗಳಿಗೆ ಬಣ್ಣ ಹಚ್ಚಿದರು.

ಬಣ್ಣ ಹಚ್ಚುವುದು ಎಂದಾಗ ನನ್ನ ಮದುವೆಯ ಫೋಟೊ ನೆನಪಾಗುತ್ತದೆ. 1976. ಸ್ಟುಡಿಯೋದವನು ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ಕಲರ್ ಮಾಡಿಕೊಡುತ್ತೇನೆ ಎಂದ, ನಮ್ಮ ಮಾವನವರು ಉದಾರಬುದ್ಧಿಯಿಂದ ಕೊಟ್ಟರು. ನಾನು ಉಟ್ಟಿದ್ದು ಈರುಳ್ಳಿ ಸಿಪ್ಪೆಯ ಬಣ್ಣದ ಸೀರೆ. ಫೋಟೊದಲ್ಲಿ ಅದು ಗಿಣಿಹಸಿರು! ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು. ಮನೆಯವರ ತುಟಿಗೂ ಅದೇ ಕೆಂಪನ್ನು ಧಾರಾಳವಾಗಿ ಹಚ್ಚಿದ್ದ. ನಮ್ಮ ಮಕ್ಕಳು "ಅಮ್ಮನ ಹಸಿರು ಧಾರೆಸೀರೆ ಎಲ್ಲಿ?" ಎಂದು ಪೆಟ್ಟಿಗೆಯೆಲ್ಲ ಹುಡುಕಿದ್ದುಂಟು. ಫೋಟೊ ಸುಳ್ಳು ಹೇಳುವುದಿಲ್ಲ ಎನ್ನುವವರಿಗೆ ನಾನು ಅದನ್ನು ತೋರಿಸುತ್ತೇನೆ.

ನಮ್ಮ ಮೆಚ್ಚುಗೆಯ ಮಾತುಗಳನ್ನಾದರೂ ನೋಡಿ. ಚಿತ್ರ ಚೆನ್ನಾಗಿದ್ದರೆ "ಥೇಟ್ ಫೋಟೊದ ಹಾಗೇ ಇದೆ" ಅನ್ನುತ್ತೇವೆ. ಫೋಟೊ ಚೆನ್ನಾಗಿದ್ದರೆ "ಚಿತ್ರ ಬರೆದ ಹಾಗಿದೆ" ಅನ್ನುತ್ತೇವೆ. ಒಂದನ್ನು ಹೊಗಳಲು ಇನ್ನೊಂದು ಬೇಕು. ಅತ್ತಿಗೆ ನಾದಿನಿಯರ ಹಾಗೆ!

1994ರಲ್ಲಿ ನಮ್ಮ ಮಹಿಳಾ ಸಮಾಜದಿಂದ ಮೈಸೂರಿಗೆ ಪ್ರವಾಸ ಹೋಗಿದ್ದೆವು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ಅದರ ಮುಂದೆ ನಮ್ಮ ಗುಂಪು ಅಲ್ಲಾಡದೆ ನಿಂತುಬಿಟ್ಟಿತು. ಅಲ್ಲಿದ್ದವರು ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿದರು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಆ ಬೆರಳುಗಳ ಸಂದಿಯ ಕೆಂಪು ನೋಡಿ ನಮ್ಮ ಕಾರ್ಯದರ್ಶಿ, "ಹಿಂದೆ ಬಲ್ಬ್ ಇಟ್ಟಿದ್ದಾರೆ ಕಣ್ರೀ" ಎಂದು ಪಿಸುಗುಟ್ಟಿ ಪಕ್ಕದಿಂದ ಬಗ್ಗಿ ನೋಡಿಯೇ ನೋಡಿದರು. ರವಿವರ್ಮನ ಚಿತ್ರ ಎಂದು ನಾವೆಲ್ಲ ನಂಬಿದ್ದೆವು, ಈಗಲೂ ಬಹಳ ಜನ ನಂಬಿದ್ದಾರೆ. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್. ಅದು ತೈಲವರ್ಣವೂ ಅಲ್ಲ, ಜಲವರ್ಣ. ನೀರಿನಲ್ಲಿ ಕಲಸಿದ ಬಣ್ಣ. ತಪ್ಪಾದರೆ ಒರೆಸಿ ಬರೆಯುವುದು ಕಷ್ಟ. ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. 2018ರಲ್ಲಿ ಆ ಗೀತಾ ನೂರಾ ಎರಡು ವರ್ಷ ತುಂಬು ಬಾಳು ಬಾಳಿ ತೀರಿಕೊಂಡಾಗ ಪತ್ರಿಕೆಯಲ್ಲಿ ಅವರ ಫೋಟೊ ಬಂದಿತ್ತು. ನರೆತ ಕೂದಲಿನ, ಮುದ್ದಾದ ಅಜ್ಜಿ. ನಾನು ಬಹಳ ಹೊತ್ತು ನೋಡಿದೆ. ಅಪ್ಪನ ಎದುರು ದೀಪ ಹಿಡಿದು ಅಷ್ಟು ಹೊತ್ತು ನಿಂತಾಗ ಆ ಹುಡುಗಿಗೆ ಕೈ ನೋಯಲಿಲ್ಲವೇ? "ಸಾಕು ಅಪ್ಪಾ" ಅನ್ನಲಿಲ್ಲವೇ? ದೀಪದ ಬೆಳಕಿನ ಫೋಟೊವನ್ನು ಈಗ ನನ್ನ ಮೊಬೈಲೂ ತೆಗೆಯುತ್ತದೆ. ದೀಪಾವಳಿಗೆ ಮೊಮ್ಮಗಳದು ತೆಗೆದೆ, ಚೆನ್ನಾಗಿಯೇ ಬಂತು. ಹನ್ನೊಂದು ತೆಗೆದು ಹತ್ತು ಅಳಿಸಿದೆ. ಮೊಮ್ಮಗಳು ನಿಂತದ್ದು ಅರ್ಧ ನಿಮಿಷ.

ಅದೇ ದಿನ ದೊಡ್ಡ ಅರಮನೆಯ ಕಲ್ಯಾಣಮಂಟಪದಲ್ಲಿ ಗೋಡೆಯುದ್ದಕ್ಕೂ ದಸರಾ ಮೆರವಣಿಗೆಯ ಚಿತ್ರಗಳನ್ನು ನೋಡಿದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೆರವಣಿಗೆ. ಆನೆ, ಕುದುರೆ, ಬ್ಯಾಂಡಿನವರು, ದಾರಿಯ ಎರಡೂ ಬದಿ ಜನ. ಕೇಶವಯ್ಯ, ವೈ. ಸುಬ್ರಹ್ಮಣ್ಯರಾಜು, ವೈ. ನಾಗರಾಜು ಮೊದಲಾದವರು ಬರೆದದ್ದು. ಅದರಲ್ಲಿನ ಮುಖಗಳನ್ನು ನಿಜವಾದ ಫೋಟೊಗಳನ್ನು ನೋಡಿಯೇ ಬರೆದರು ಎಂಬುದು ನನಗೆ ಆಮೇಲೆ ತಿಳಿಯಿತು. ಫೋಟೊ ಮುಖವನ್ನು ಕೊಟ್ಟಿತು, ಆ ಕಾಲದ ಫೋಟೊಕ್ಕೆ ಗೊತ್ತಿಲ್ಲದ ರುಮಾಲಿನ ಬಣ್ಣ, ಜರಿಯ ಹೊಳಪನ್ನು ಚಿತ್ರಕಾರರು ಕೊಟ್ಟರು. ರವಿವರ್ಮನೂ ಫೋಟೊಗಳನ್ನು ನೆರವಿಗೆ ಇಟ್ಟುಕೊಳ್ಳುತ್ತಿದ್ದವನೇ. ಅವನ ಲಕ್ಷ್ಮಿ ಸರಸ್ವತಿಯರು 1894ರಲ್ಲಿ ಶುರುವಾದ ಅವನದೇ ಅಚ್ಚುಕೂಟದಿಂದ ನಮ್ಮ ಅಜ್ಜಿಯರ ದೇವರಮನೆಗೆ ಬಂದರು. ಸಾವಿರಾರು ಪ್ರತಿಯಾದ ಮಾತ್ರಕ್ಕೆ ಅವರಿಗೆ ಮಂಗಳಾರತಿ ಏನೂ ಕಡಿಮೆಯಾಗಲಿಲ್ಲ.

ಇಷ್ಟೆಲ್ಲ ಹೇಳಿದರೂ, ಫೋಟೊದಿಂದ ಚಿತ್ರಕಾರನಿಗೆ ನಷ್ಟವೇ ಇಲ್ಲ ಎಂದರೆ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಫ್ಲೆಕ್ಸ್ ಬಂದ ಮೇಲೆ ಅವರ ಬೋರ್ಡಿನ ಕೆಲಸ ನಿಂತೇ ಹೋಯಿತು. ಒಮ್ಮೆ ಸಂತೆಯಲ್ಲಿ ಸಿಕ್ಕಿದ್ದರು. ಮನೆ ಕಟ್ಟಿದವರಿಗೆ 'ಶ್ರೀ ಗುರುಕೃಪಾ', 'ಮಾತೃಶ್ರೀ ನಿಲಯ' ಎಂದು ಬರೆದುಕೊಡುತ್ತೇನೆ, ಈಗ ಅದನ್ನೂ ಗ್ರಾನೈಟಿನಲ್ಲಿ ಕೊರೆಸಿಕೊಳ್ಳುತ್ತಾರೆ ಎಂದರು. "ನಿಮ್ಮಮ್ಮನ ಚಿತ್ರ ಹೇಗಿದೆ ತಾಯಿ?" ಎಂದು, ಮನುಷ್ಯರ ಆರೋಗ್ಯ ವಿಚಾರಿಸುವ ಹಾಗೆ ವಿಚಾರಿಸಿದರು. ಚೆನ್ನಾಗಿದೆ ಎಂದೆ. ಬೇರೆ ಯಾರಿಗಾದರೂ ಬರೆಸಿಕೊಡಿ ಎಂದು ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆ ಮರುವರ್ಷ ಅವರು ಹೋಗಿಬಿಟ್ಟರು.

ಸೋದರಳಿಯನ ಕಥೆಗೆ ಬರುತ್ತೇನೆ. ಅವನು ಹಟ ಹಿಡಿದು ಗುಂಪು ಫೋಟೊವನ್ನು ತೆಗೆದುಕೊಂಡು ಹೋದ. ಎರಡು ವಾರದ ನಂತರ ಎರಡಡಿ ಎತ್ತರದ ಫ್ರೇಮ್ ಹೊತ್ತುಕೊಂಡು ಬಂದ. ಅಕ್ಕನೂ ಬಂದಿದ್ದಳು, ಕಣ್ಣಿನ ಪೊರೆ ತೆಗೆಸಿಕೊಂಡು ಹೊಸ ಕನ್ನಡಕದಲ್ಲಿ. ಕಾಗದ ಬಿಚ್ಚಿದೆವು. ಏನು ಹೇಳಲಿ! ಕಂಪ್ಯೂಟರು ಆ ಅಲ್ಲಾಡಿದ ಮುಖವನ್ನು ತಾನೇ ಊಹಿಸಿ ಸರಿಮಾಡಿತ್ತು. ಬೆಣ್ಣೆಯಂಥ ಚರ್ಮ, ಕಾಡಿಗೆ ತೀಡಿದಂಥ ರೆಪ್ಪೆ, ಅಳತೆ ಹಿಡಿದು ಇಟ್ಟಂಥ ಸಮನಾದ ಎರಡು ಕಣ್ಣು. ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಯಾರೋ ಇದು? ಟಿವಿ ಧಾರಾವಾಹೀಲಿ ಬರ್ತಾಳಲ್ಲ, ಆ ಅತ್ತೆಯೇನೋ?" ಎಂದಳು. ಹುಡುಗ ಪೆಚ್ಚಾದ. ಫೋಟೊ ಎಂದು ಅವನು ತಂದದ್ದೂ ಚಿತ್ರವೇ, ಆದರೆ ನಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳದೆ ಬರೆದ ಚಿತ್ರ.

ನಾನು ಗೆದ್ದೆ ಎಂದುಕೊಂಡೆ. ಅವನನ್ನು ಸಮಾಧಾನ ಮಾಡಲು, "ನಮಗೆ ಅದರ ಮೂಲ ಫೋಟೊವನ್ನೇ ದೊಡ್ಡದಾಗಿ ತೋರಿಸಪ್ಪ" ಎಂದೆ. ಅವನು ಲ್ಯಾಪ್‌ಟಾಪಿನಲ್ಲಿ, ಏನೂ ತಿದ್ದದ ಫೋಟೊವನ್ನು ಹಿಗ್ಗಿಸುತ್ತಾ ಹೋದ. ಸತ್ತುಹೋದ ಅತ್ತೆ, ದೊಡ್ಡಮ್ಮ, ಸೋದರಮಾವಂದಿರೆಲ್ಲ ಒಬ್ಬೊಬ್ಬರಾಗಿ ಹತ್ತಿರ ಬಂದರು. ಹಳೆಯ ಪೆಟ್ಟಿಗೆ ಕ್ಯಾಮೆರಾದ ಕೆಲಸ, ಎಷ್ಟು ಹಿಗ್ಗಿಸಿದರೂ ಕೋಟಿನ ಗುಂಡಿ ಕೂಡ ಎಣಿಸಬಹುದು. ಕೊನೆಗೆ ಅಮ್ಮ. ಮುಖ ಮಂಜು. ಆದರೆ ನನ್ನ ಭುಜದ ಮೇಲಿದ್ದ ಕೈ ಅಲ್ಲಾಡಿರಲಿಲ್ಲ. ಬೆರಳಿನ ಗೆಣ್ಣು, ಉಗುರು, ಮಣಿಕಟ್ಟು ಎಲ್ಲ ನಿಚ್ಚಳ. ಕೈತುಂಬ ತೆಳು ಗಾಜಿನ ಬಳೆ, ಅಷ್ಟೆ. ಪಕ್ಕದಲ್ಲಿದ್ದ ದೊಡ್ಡಮ್ಮನ ಕೈಯಲ್ಲಿ ಗಾಜಿನ ಬಳೆಗಳ ಆ ಕಡೆ ಈ ಕಡೆ ದಪ್ಪ ಪಾಟ್ಲಿಗಳು. ಆ ಸಾಲಿನಲ್ಲಿ ಎಲ್ಲರ ಕೈಯಲ್ಲೂ. ಅಮ್ಮನ ಕೈಯಲ್ಲಿಲ್ಲ.

"ಚಿನ್ನದ ಬಳೆ ಎಲ್ಲಿ?" ಎಂದೆ.

"ಆ ಮದುವೆ ಖರ್ಚಿಗೇ ಅಡ ಇಟ್ಟದ್ದು" ಎಂದಳು ಅಕ್ಕ. "ಬಿಡಿಸಿಕೊಳ್ಳೋಕೆ ಆಗಲಿಲ್ಲ, ಹರಾಜಾಯ್ತು."

"ಆದ್ರೆ ನಾನು ನೋಡಿದೀನಿ. ದೋಸೆ ಹುಯ್ಯುವಾಗ ಬಳೆ ಮೇಲಕ್ಕೆ ಏರಿಸಿಕೊಳ್ತಿದ್ಲು."

"ನೀನು ನೋಡಿರೋದು ಗೋಡೆ ಮೇಲಿಂದು ಕಣೆ" ಎಂದಳು ಅಕ್ಕ, ತುಂಬ ಮೆತ್ತಗೆ.

ನನಗೆ ಮಾತು ಹೊರಡಲಿಲ್ಲ. ಮೂವತ್ತೈದು ವರ್ಷ ಆ ಚಿತ್ರದ ಕೆಳಗೆ ಓಡಾಡಿ, ನಾನೇ ಹೇಳಿ ಬರೆಸಿದ ಬಳೆಯನ್ನು ನಾನೇ ಕಂಡ ಬಳೆ ಎಂದು ನಂಬಿಬಿಟ್ಟಿದ್ದೆ. ಬಳೆಯ ಸದ್ದು ಕೂಡ ನನಗೆ ನೆನಪಿತ್ತು! ಬಂಧುಗಳು ಬಂದಾಗ "ಅಮ್ಮನ ಬಳೆ ಮಾದರಿ ಈಗ ಸಿಗಲ್ಲ" ಎಂದು ಹೇಳಿಕೊಂಡಿದ್ದೂ ಉಂಟು. ಇಡೀ ಸಾಲಿನಲ್ಲಿ ತನ್ನ ಕೈ ಮಾತ್ರ ಬರಿದು ಎಂದು ಗೊತ್ತಿದ್ದೂ, ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳದೆ ಅಳುವ ಮಗುವಿನ ಹೆಗಲ ಮೇಲಿಟ್ಟು ನಿಂತಿದ್ದವಳ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಕ್ಯಾಮೆರಾದವನಿಗೂ ತಿಳಿದಿರಲಿಲ್ಲ. ಆದರೆ ಅವನ ಪೆಟ್ಟಿಗೆ ಅದನ್ನು ಅರವತ್ತು ವರ್ಷಕ್ಕೂ ಮೇಲೆ ಹಾಗೇ ಕಾಪಾಡಿಕೊಂಡಿತ್ತು.

"ಅವತ್ತೇ ಯಾಕೆ ಹೇಳಲಿಲ್ಲ? ಮೇಷ್ಟ್ರು ಬರೆಯುವಾಗ?" ಎಂದು ಕೇಳಿದೆ.

"ಚಿತ್ರದಲ್ಲಾದರೂ ಇರಲಿ ಅಂತ" ಎಂದಳು.

ಮೇಷ್ಟ್ರು ಇದ್ದಿದ್ದರೆ ಹೇಳಿ ಕಳಿಸುತ್ತಿದ್ದೆನೇ, ಬಳೆ ಕೆರೆದು ಬರೆಯಿರಿ ಎಂದು? ಅವತ್ತಿನಿಂದ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ದಿನ ಹೌದು ಅನ್ನಿಸುತ್ತದೆ, ಇನ್ನೊಂದು ದಿನ ಅಕ್ಕನ ಮಾತೇ ಸರಿ ಅನ್ನಿಸುತ್ತದೆ.

ಎರಡಡಿಯ ಫ್ರೇಮನ್ನು ಹುಡುಗ ವಾಪಸು ತೆಗೆದುಕೊಂಡು ಹೋದ, ಫ್ರೇಮಾದರೂ ಉಪಯೋಗಕ್ಕೆ ಬರುತ್ತದೆ ಎಂದು. ಹೊರಡುವಾಗ ಅಕ್ಕ ಅವನನ್ನು ಮೂಲೆಗೆ ಕರೆದು ಏನೋ ಹೇಳಿದಳು. ಮುಂದಿನ ವಾರ ಅಂಚೆಯಲ್ಲಿ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಎರಡು ಪ್ರತಿ ಬಂದವು, ಒಂದು ಅಕ್ಕನಿಗೆ, ಒಂದು ನನಗೆ. ಅದರಲ್ಲಿ ಯಾರ ಮುಖವೂ ಇಲ್ಲ. ಒಂದು ಪುಟ್ಟ ಲಂಗದ ಹುಡುಗಿಯ ಭುಜ, ಅದರ ಮೇಲೊಂದು ಕೈ, ಗಾಜಿನ ಬಳೆ. ಅಕ್ಕ ಅವಳದನ್ನು ದೇವರ ಸ್ತೋತ್ರದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ನನ್ನದು ಬೀರುವಿನಲ್ಲಿ, ಸೀರೆಗಳ ನಡುವೆ ಇದೆ.

ಮೇಷ್ಟ್ರ ಚಿತ್ರವನ್ನು ಹೊಸ ಬಣ್ಣದ ಗೋಡೆಯಲ್ಲಿ ಹಳೆಯ ಮೊಳೆಗೇ ತೂಗುಹಾಕಿದ್ದೇವೆ. ಕುಂಕುಮ, ಚಿಕ್ಕ ಎಡಗಣ್ಣು, ಚಿನ್ನದ ಬಳೆ, ಎಲ್ಲ ಇದ್ದ ಹಾಗೇ. ನಾಲ್ಕು ದಿನ ಕಳೆಯುವಷ್ಟರಲ್ಲಿ ಹಲ್ಲಿಯೂ ವಾಪಸು ಬಂತು.